ಮಗುವಿನ ಕೈಗೆ ಕೆಲಸ ಕೊಡೋಣ

(ಜುಮಾ ಭಾಷಣದ ಸಾರಾಂಶ)

 



ಶಾಲೆಗಳಲ್ಲಿ ಪ್ರವೇಶದ ಅರ್ಜಿ ಕೊಡಲು ಶುರುವಾಗಿದೆ. ಕಳೆದ ಸೋಮವಾರ ಅಸರ್ ನಮಾಝಿನ ಬಳಿಕ ನಮ್ಮ ಜಮಾಅತಿನ ಒಬ್ಬ ಸಹೋದರರು ನಮ್ಮ ಬಳಿ ಬಂದು ಕುಳಿತರು. ಮೂರು ವರ್ಷದ ಮಗನನ್ನು ಪೇಟೆಯ ಮಾಂಟೆಸ್ಸರಿಗೆ ಸೇರಿಸಬೇಕೆಂದು ಮನೆಯಲ್ಲಿ ಒತ್ತಾಯ. ಫೀಸು ಅವರ ಸಂಪಾದನೆಗೆ ಮೀರಿದ್ದು. ಪತ್ನಿಯ ಎರಡು ಬಳೆ ಅಡವಿಟ್ಟರೆ ಮೊದಲ ಕಂತು ಕಟ್ಟಬಹುದು, ಮಗುವಿನ ವಿದ್ಯೆಗಾಗಿ ಅಲ್ಲವೇ, ಏನು ಹೇಳುತ್ತೀರಿ ಉಸ್ತಾದ್ ಎಂದು ಕೇಳಿದರು.

ಅವರು ಮಾತಾಡುತ್ತಿದ್ದಷ್ಟು ಹೊತ್ತು ಮಗು ಮೆಟ್ಟಿಲ ಮೇಲೆ ಕುಳಿತು ತನ್ನ ಚಪ್ಪಲಿಯ ಪಟ್ಟಿಯನ್ನು ಕೊಕ್ಕೆಗೆ ಸೇರಿಸಲು ನೋಡುತ್ತಿತ್ತು. ಒಂದು ಸಲ ತಪ್ಪಿತು. ಇನ್ನೊಮ್ಮೆ ತಪ್ಪಿತು. ನಾಲಗೆ ಹೊರಚಾಚಿ, ಉಸಿರು ಬಿಗಿಹಿಡಿದು ಮತ್ತೆ ಪ್ರಯತ್ನಿಸಿತು. ಇನ್ನೇನು ಸೇರಿತು ಎನ್ನುವಷ್ಟರಲ್ಲಿ ತಂದೆ ಬಗ್ಗಿ, ತಡವಾಯಿತು ಎಂದು ತಾವೇ ಪಟ್ಟಿ ಹಾಕಿ ಮಗುವನ್ನು ಎತ್ತಿಕೊಂಡರು. ಮಗು ಕಾಲು ಬಡಿದು ಅತ್ತಿತು. ಇವನಿಗೆ ಹಠ ಜಾಸ್ತಿ ಉಸ್ತಾದ್ ಎಂದರು.

ಬಳೆಯ ವಿಷಯಕ್ಕೆ ನಮ್ಮ ಉತ್ತರ ಅಂದೇ ಸಿದ್ಧವಿತ್ತು: ಬಡ್ಡಿಗೆ ಅಡವಿಟ್ಟು ಮೂರು ವರ್ಷದ ಮಗುವನ್ನು ಓದಿಸುವ ಅಗತ್ಯವಿಲ್ಲ. ಚಪ್ಪಲಿಯ ವಿಷಯ ಮಾತ್ರ ಅಂದು ಹೇಳಲಾಗಲಿಲ್ಲ. ಅವರ ಅನುಮತಿ ಪಡೆದು ಇಂದು ಎಲ್ಲರ ಮುಂದೆ ಹೇಳುತ್ತಿದ್ದೇವೆ. ಏಕೆಂದರೆ ಯಾವ ಮಾಂಟೆಸ್ಸರಿಗಾಗಿ ಅವರು ಬಳೆ ಅಡವಿಡಲು ಹೊರಟಿದ್ದರೋ ಅದು ಆ ಮೆಟ್ಟಿಲ ಮೇಲೆಯೇ ನಡೆಯುತ್ತಿತ್ತು. ತಂದೆಯೇ ಅದನ್ನು ನಿಲ್ಲಿಸಿದರು.

ಈ ಹೆಸರು ಒಬ್ಬ ಮಹಿಳೆಯದು. ಮಾರಿಯಾ ಮಾಂಟೆಸ್ಸರಿ 1870ರಲ್ಲಿ ಇಟಲಿಯಲ್ಲಿ ಹುಟ್ಟಿದವರು, ಓದಿದ್ದು ವೈದ್ಯಶಾಸ್ತ್ರ. ಅವರ ಮೊದಲ ಮಕ್ಕಳ ಮನೆ 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ತೆರೆಯಿತು. ಅಲ್ಲಿಗೆ ಬಂದದ್ದು ಶ್ರೀಮಂತರ ಮಕ್ಕಳಲ್ಲ. ತಂದೆ ತಾಯಿ ಬೆಳಗ್ಗೆ ಕೂಲಿಗೆ ಹೋದರೆ ವಠಾರದಲ್ಲಿ ಕೇಳುವವರಿಲ್ಲದೆ ಗೋಡೆ ಗೀಚುತ್ತಾ ಅಲೆಯುತ್ತಿದ್ದ ಐವತ್ತರಷ್ಟು ಮಕ್ಕಳು. ಅವರನ್ನು ನೋಡಿಕೊಳ್ಳಲು ನಿಂತವರೂ ತರಬೇತಾದ ಶಿಕ್ಷಕಿಯಲ್ಲ, ಸಾಮಾನ್ಯ ಹೆಣ್ಣುಮಗಳು. ಇಂದು ದೊಡ್ಡ ಫೀಸಿನ ಗುರುತಾಗಿರುವ ಹೆಸರು ಹುಟ್ಟಿದ್ದು ಕೂಲಿಕಾರರ ಮಕ್ಕಳ ನಡುವೆ. ಅವರು ನಮ್ಮ ದೇಶಕ್ಕೂ ಬಂದಿದ್ದರು. 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದವರು, ಎರಡನೇ ಮಹಾಯುದ್ಧದಲ್ಲಿ ಇಟಲಿ ಬ್ರಿಟಿಷರ ಶತ್ರುದೇಶವಾದ ಕಾರಣ ಮರಳಿ ಹೋಗಲಾಗದೆ 1946ರ ತನಕ ಇಲ್ಲಿಯೇ ಇದ್ದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಕೆಲವು ಕಾಲ ಕೊಡೈಕೆನಾಲ್‌ನಲ್ಲೂ ಇದ್ದರು.

ಇನ್ನೊಂದು ಮಾತು ತಿಳಿದಿರಲಿ. ಮಾಂಟೆಸ್ಸರಿ ಎಂಬುದು ಯಾರೂ ಕಾಯ್ದಿರಿಸಿಕೊಂಡ ಹೆಸರಲ್ಲ. ಯಾರು ಬೇಕಾದರೂ ಬೋರ್ಡಿನಲ್ಲಿ ಬರೆಸಬಹುದು. ಒಳಗೆ ಹೋಗಿ ನೋಡಿದರೆ ಮೂರು ವರ್ಷದ ಮಕ್ಕಳನ್ನು ಬೆಂಚಿನಲ್ಲಿ ಸಾಲಾಗಿ ಕೂರಿಸಿ ಎ ಬಿ ಸಿ ಡಿ ಬರೆಸುತ್ತಿರುತ್ತಾರೆ. ನಿಜವಾಗಿ ಆ ಪದ್ಧತಿಯಂತೆ ನಡೆಸುವ ಶಾಲೆಗಳೂ ಇವೆ, ಶಕ್ತಿಯಿದ್ದವರು ವಿಚಾರಿಸಿ ಸೇರಿಸಲಿ. ಶಕ್ತಿಯಿಲ್ಲದವರು ಹತ್ತಿರದ ಅಂಗನವಾಡಿಗೆ ಕಳುಹಿಸಿ ಮನೆಯಲ್ಲಿ ಈ ಪದ್ಧತಿಯ ಸಾರವನ್ನು ಹಿಡಿದರೆ ಮಗುವಿಗೆ ನಷ್ಟವಿಲ್ಲ.

ಸಾರವೆಂದರೆ ಏನು? ಮಗು ಕಿವಿಯಿಂದ ಕಲಿಯುವುದಕ್ಕಿಂತ ಹೆಚ್ಚಾಗಿ ಕೈಯಿಂದ ಕಲಿಯುತ್ತದೆ. ಅದಕ್ಕೆ ಆಟದ ಕೆಲಸವಲ್ಲ, ನಿಜವಾದ ಕೆಲಸ ಬೇಕು. ಅದರ ಅಳತೆಗೆ ಸಾಮಾನು ಬೇಕು. ಒಂದು ಸಲ ನಿಧಾನವಾಗಿ ಮಾಡಿ ತೋರಿಸುವವರು ಬೇಕು, ತೋರಿಸಿದ ಮೇಲೆ ಹಿಂದೆ ಸರಿಯುವವರು ಬೇಕು. ಈ ಕೊನೆಯದೇ ಕಷ್ಟ. ನಾವು ಹಿಂದೆ ಸರಿಯುವುದಿಲ್ಲ.

ಆ ಮಕ್ಕಳ ಮನೆಯಲ್ಲಿ ನಡೆದ ಒಂದು ಸಂಗತಿಯನ್ನು ಅವರು ಬರೆದಿದ್ದಾರೆ. ಒಂದು ದಿನ ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದು ಹೇಗೆಂದು ತೋರಿಸಿದರು. ಕರವಸ್ತ್ರ ಹಿಡಿಯುವ ಬಗೆ, ಸದ್ದಾಗದಂತೆ, ಪಕ್ಕದವರ ಕಣ್ಣಿಗೆ ಬೀಳದಂತೆ ಒರೆಸುವ ಬಗೆ. ಮಕ್ಕಳು ನಗುತ್ತಾರೆಂದು ಎಣಿಸಿದ್ದರು. ಮಕ್ಕಳು ನಗಲಿಲ್ಲ, ಕಣ್ಣು ಮಿಟುಕಿಸದೆ ನೋಡಿ, ಮುಗಿದ ಮೇಲೆ ಚಪ್ಪಾಳೆ ತಟ್ಟಿದರು. ಆಮೇಲೆ ಅವರಿಗೆ ಕಾರಣ ಹೊಳೆಯಿತು. ಮೂಗು ಸೋರುತ್ತಿದೆ ಎಂದು ಈ ಮಕ್ಕಳನ್ನು ಎಲ್ಲರೂ ಬೈದಿದ್ದರು, ಎಲ್ಲರ ಮುಂದೆ ನಾಚಿಸಿದ್ದರು. ಒರೆಸುವುದು ಹೇಗೆಂದು ಸಮಾಧಾನದಿಂದ ಹೇಳಿಕೊಟ್ಟವರು ಒಬ್ಬರೂ ಇರಲಿಲ್ಲ.

ಇದನ್ನು ಓದಿದಾಗ ನಮಗೆ ನೆನಪಾದದ್ದು ಮದೀನಾದ ಒಂದು ಊಟದ ತಟ್ಟೆ. ಉಮರ್ ಬಿನ್ ಅಬೂ ಸಲಮಾ(ರ) ಉಮ್ಮುಲ್ ಮೂಮಿನೀನ್ ಉಮ್ಮು ಸಲಮಾ(ರ)ರ ಮೊದಲ ಪತಿಯ ಮಗ, ಪ್ರವಾದಿವರ್ಯರ(ಸ) ಆರೈಕೆಯಲ್ಲಿ ಬೆಳೆದ ಹುಡುಗ. ಊಟಕ್ಕೆ ಕುಳಿತಾಗ ಅವರ ಕೈ ತಟ್ಟೆಯ ಎಲ್ಲ ಕಡೆಗೂ ಓಡುತ್ತಿತ್ತು. ನಮ್ಮ ಮನೆಯಾಗಿದ್ದರೆ ಆ ಕೈಗೆ ಒಂದು ಪೆಟ್ಟು ಬೀಳುತ್ತಿತ್ತು, ನಿನಗೆ ಮರ್ಯಾದೆ ಇಲ್ಲವೇ ಎಂಬ ಮಾತೂ ಬರುತ್ತಿತ್ತು. ಪ್ರವಾದಿ(ಸ)ರು ಅವರನ್ನು ಪ್ರೀತಿಯಿಂದ ಕರೆದು ಮೂರೇ ಮಾತು ಹೇಳಿಕೊಟ್ಟರು: ಅಲ್ಲಾಹನ ಹೆಸರು ಹೇಳುವುದು, ಬಲಗೈಯಿಂದ ತಿನ್ನುವುದು, ತನ್ನ ಮುಂದಿನದನ್ನು ತಿನ್ನುವುದು. ಬೈಗುಳವೂ ಇಲ್ಲ, ನೀನು ಹೀಗೆಯೇ ಎಂಬ ದೂರೂ ಇಲ್ಲ. ಏನು ಮಾಡಬಾರದು ಎಂಬ ಪಟ್ಟಿಯ ಬದಲು ಏನು ಮಾಡಬೇಕು ಎಂದು ಮಾತ್ರ ಇದೆ. ಆ ಹುಡುಗ ದೊಡ್ಡವರಾದ ಮೇಲೆ, ಅಂದಿನಿಂದ ನನ್ನ ಊಟದ ರೀತಿ ಹಾಗೆಯೇ ಉಳಿಯಿತು ಎಂದು ಹೇಳಿದ್ದನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ.

ಅನಸ್(ರ) ಬಾಲ್ಯದಿಂದ ಹತ್ತು ವರ್ಷ ಪ್ರವಾದಿ(ಸ)ರ ಸೇವೆಯಲ್ಲಿದ್ದರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಛೇ ಎನಿಸಿಕೊಳ್ಳಲಿಲ್ಲ, ಇದನ್ನೇಕೆ ಮಾಡಿದೆ ಎಂದೂ ಕೇಳಿಸಿಕೊಳ್ಳಲಿಲ್ಲ ಎಂದು ಅವರೇ ಹೇಳಿದ್ದಾರೆ. ನಾವು ಹತ್ತು ನಿಮಿಷ ಇರುತ್ತೇವೆಯೇ?

ಕೆಲವರು ಕೇಳಬಹುದು, ನಮ್ಮಲ್ಲಿ ಇಷ್ಟೆಲ್ಲ ಇರುವಾಗ ಇಟಲಿಯ ಕ್ರೈಸ್ತ ಮಹಿಳೆಯಿಂದ ಏಕೆ ಕಲಿಯಬೇಕು ಎಂದು. ಬದ್ರ್ ಯುದ್ಧದ ಬಳಿಕ ಬಿಡುಗಡೆಗೆ ಹಣವಿಲ್ಲದ ಕೆಲವು ಕೈದಿಗಳಿಗೆ ಅನ್ಸಾರರ ಮಕ್ಕಳಿಗೆ ಬರಹ ಕಲಿಸುವುದನ್ನೇ ಬಿಡುಗಡೆಯ ಮೌಲ್ಯವಾಗಿ ಪ್ರವಾದಿ(ಸ)ರು ನಿಗದಿಪಡಿಸಿದ್ದರು. ಕಲಿಸಿದವರು ನಿನ್ನೆಯ ತನಕ ಕತ್ತಿ ಹಿಡಿದು ಎದುರು ನಿಂತಿದ್ದವರು. ಮಾಂಟೆಸ್ಸರಿಯವರ ನಂಬಿಕೆಯನ್ನು ನಾವು ಪಡೆಯಬೇಕಾಗಿಲ್ಲ. ಮಗುವಿನ ಪಕ್ಕದಲ್ಲಿ ಕುಳಿತು ನೋಡಿದ ಅವರ ತಾಳ್ಮೆಯನ್ನು ಪಡೆಯಬಹುದು. ಇನ್ನು, ನಮ್ಮಲ್ಲಿ ಇದೆ ಎನ್ನುವುದು ಕಿತಾಬಿನಲ್ಲಿದೆ. ಮನೆಯಲ್ಲಿದೆಯೇ?

ನಮ್ಮ ಮನೆಯ ಮಾತನ್ನೇ ಹೇಳುತ್ತೇವೆ. ನಮ್ಮ ಮಗಳಿಗೆ ಆಗ ನಾಲ್ಕು ವರ್ಷ. ಮನೆಗೆ ಅತಿಥಿಗಳು ಬಂದಿದ್ದರು. ಯಾರೂ ಹೇಳದೆಯೇ ಅವಳು ಅಡುಗೆಮನೆಯಿಂದ ಎರಡೂ ಕೈಯಲ್ಲಿ ನೀರಿನ ಲೋಟ ಹಿಡಿದು, ಲೋಟದ ಮೇಲೇ ಕಣ್ಣಿಟ್ಟು, ಹೆಜ್ಜೆ ಅಳೆಯುತ್ತಾ ಬಂದಳು. ಚಾಪೆಯ ಅಂಚು ಕಾಲಿಗೆ ತಾಗಿ ನೀರು ಅತಿಥಿಯ ಬಟ್ಟೆಗೆ ಚೆಲ್ಲಿತು. ಬಿಡು, ನಿನ್ನಿಂದಾಗುವ ಕೆಲಸವಲ್ಲ ಎಂದು ನಾವು ಗದರಿಸಿದೆವು. ಅತಿಥಿ ಪರವಾಗಿಲ್ಲ ಎಂದರು. ನಾವು ಮಾತ್ರ ನಮ್ಮ ಮಾನ ಹೋಯಿತೆಂದು ಎಣಿಸಿದೆವು. ಅವಳು ಒಳಗೆ ಹೋದಳು. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಐದು ವರ್ಷಗಳ ನಂತರ ಅವಳ ಉಮ್ಮನಿಗೆ ಜ್ವರ ಬಂದ ದಿನ, ಒಂದು ಲೋಟ ಚಹಾ ತಂದುಕೊಡಮ್ಮ ಎಂದಾಗ ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತು, ನನ್ನಿಂದಾಗದು ಉಪ್ಪ ಎಂದಳು. ಅವಳಿಗೆ ಆ ಹಳೆಯ ದಿನ ನೆನಪಿಲ್ಲ. ಆ ಮಾತು ಮಾತ್ರ ಅವಳಲ್ಲಿ ಉಳಿದುಕೊಂಡಿತ್ತು, ನಮ್ಮದೇ ಧ್ವನಿಯಲ್ಲಿ. ಮಿಂಬರಿನ ಮೇಲೆ ನಿಂತು ಅನಸ್(ರ)ರ ಹದೀಸ್ ಹೇಳುತ್ತಾ ಬಂದವರ ಮನೆಯ ಕಥೆ ಇದು.

ಆ ದಿನ ಮಾಡಬೇಕಾಗಿದ್ದುದು ಇಷ್ಟೇ: ನೀರು ಒರೆಸುವ ಬಟ್ಟೆ ಎಲ್ಲಿದೆಯೆಂದು ತೋರಿಸುವುದು, ಒರೆಸಿದ ಮೇಲೆ ಇನ್ನೊಂದು ಲೋಟ ತರಲು ಹೇಳುವುದು.

ಈಗ ಮನೆಯಲ್ಲಿ ಏನು ಮಾಡಬಹುದು ಎಂಬುದಕ್ಕೆ ಬರೋಣ. ಪತ್ರಿಕೆಯಲ್ಲಿ ಓದುವ ತಾಯಂದಿರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ಮೊದಲು ಮಗುವಿನ ಎತ್ತರಕ್ಕೆ ಕುಳಿತು ನಿಮ್ಮ ಮನೆಯನ್ನು ಒಮ್ಮೆ ನೋಡಿ. ಗೂಟ ಎಲ್ಲಿದೆ? ನಮ್ಮ ಭುಜದ ಎತ್ತರದಲ್ಲಿ. ಹಾಗಾದರೆ ತನ್ನ ಟೋಪಿಯನ್ನು, ಮದ್ರಸದ ಚೀಲವನ್ನು ಮಗು ನೆಲಕ್ಕೆ ಎಸೆಯದೆ ಎಲ್ಲಿ ತೂಗುಹಾಕಬೇಕು? ಅದರ ಎತ್ತರಕ್ಕೆ ಒಂದು ಮೊಳೆ ಹೊಡೆಯಿರಿ. ಹಣ್ಣಿನಂಗಡಿಯ ಮರದ ಪೆಟ್ಟಿಗೆಯನ್ನು ಅಡ್ಡ ಮಲಗಿಸಿದರೆ ಅದೇ ಮಗುವಿನ ಕಪಾಟು. ರೋಮ್‌ನ ಆ ಮನೆಯಲ್ಲಿ ಒಂದು ದಿನ ಶಿಕ್ಷಕಿ ಕಪಾಟಿಗೆ ಬೀಗ ಹಾಕಲು ಮರೆತಿದ್ದರಂತೆ. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದುದನ್ನು ತಾವೇ ತೆಗೆದುಕೊಂಡು ಕೆಲಸಕ್ಕೆ ಕುಳಿತಿದ್ದರು. ಶಿಕ್ಷಕಿಗೆ ಅದು ಕಳ್ಳತನವಾಗಿ ಕಂಡಿತು. ಮಾಂಟೆಸ್ಸರಿಯವರಿಗೆ ಆಯ್ಕೆಯಾಗಿ ಕಂಡಿತು. ಅಂದಿನಿಂದ ಬೀಗದ ಕಪಾಟಿನ ಬದಲು ತಗ್ಗಿನ ತೆರೆದ ಕಪಾಟು ಬಂತು. ಅದರಲ್ಲಿ ನಾಲ್ಕೈದು ವಸ್ತು ಸಾಕು. ಮೂಟೆಗಟ್ಟಲೆ ಆಟಿಕೆ ಸುರಿದರೆ ಮಗು ಯಾವುದನ್ನೂ ಆಡುವುದಿಲ್ಲ, ಎಲ್ಲವನ್ನೂ ಎಸೆಯುತ್ತದೆ.

ಎರಡು ಸಣ್ಣ ಸ್ಟೀಲ್ ಲೋಟ ಕೊಡಿ. ಮೊದಲು ಒಂದರಲ್ಲಿ ಕುಚ್ಚಲಕ್ಕಿ ಹಾಕಿ ಇನ್ನೊಂದಕ್ಕೆ ಸುರಿಯುವುದನ್ನು ನಿಧಾನವಾಗಿ, ಮಾತಿಲ್ಲದೆ ತೋರಿಸಿ. ಮಾತಾಡಿದರೆ ಮಗು ನಿಮ್ಮ ಮುಖ ನೋಡುತ್ತದೆ, ಕೈ ನೋಡುವುದಿಲ್ಲ. ಅಕ್ಕಿ ಚೆಲ್ಲದೆ ಸುರಿಯಲು ಬಂದ ಮೇಲೆ ನೀರು. ಪಕ್ಕದಲ್ಲಿ ಒಂದು ಒರೆಸುವ ಬಟ್ಟೆ ಇರಲೇಬೇಕು. ಚೆಲ್ಲಿದ್ದನ್ನು ಒರೆಸುವುದೂ ಆ ಕೆಲಸದ ಭಾಗ, ಶಿಕ್ಷೆಯಲ್ಲ. ಮಗು ಇದನ್ನು ಹತ್ತು ಸಲ, ಇಪ್ಪತ್ತು ಸಲ ಮಾಡುತ್ತದೆ. ಮಾಡಲಿ. ಮರದ ಗಟ್ಟಿಯ ರಂಧ್ರಗಳಿಗೆ ಅಳತೆಯ ಬಿಲ್ಲೆಗಳನ್ನು ಸೇರಿಸುತ್ತಿದ್ದ ಮೂರು ವರ್ಷದ ಒಬ್ಬ ಹುಡುಗಿ ಸುತ್ತಲಿನ ಗದ್ದಲವನ್ನೂ ಲೆಕ್ಕಿಸದೆ ಅದನ್ನೇ ನಲವತ್ತಕ್ಕೂ ಹೆಚ್ಚು ಸಲ ಮಾಡಿದ್ದನ್ನು ಮಾಂಟೆಸ್ಸರಿ ಎಣಿಸಿದ್ದರು. ನಾವಾಗಿದ್ದರೆ ಮೂರನೇ ಸಲಕ್ಕೇ, ಸಾಕು, ಬಾ ಊಟಕ್ಕೆ ಎನ್ನುತ್ತಿದ್ದೆವು. ಆಮೇಲೆ, ನನ್ನ ಮಗನಿಗೆ ಓದಿನಲ್ಲಿ ಗಮನವೇ ಇಲ್ಲ, ಏನಾದರೂ ಓದಿ ಊದಿಕೊಡಿ ಉಸ್ತಾದ್ ಎಂದು ನೀರಿನ ಬಾಟಲಿ ಹಿಡಿದು ಬರುತ್ತೇವೆ.

ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುವುದು, ಬೆಳ್ಳುಳ್ಳಿಯ ಎಸಳು ಬಿಡಿಸುವುದು, ಕೊತ್ತಂಬರಿ ಸೊಪ್ಪು ಆಯುವುದು, ಒಗೆದ ಬಟ್ಟೆಯಲ್ಲಿ ಕರವಸ್ತ್ರ ಮಡಚುವುದು, ಬಾಗಿಲಲ್ಲಿ ಚಪ್ಪಲಿ ಜೋಡಿಸುವುದು, ಮುಸಲ್ಲಾ ಹಾಸಿ ಸುತ್ತಿಡುವುದು, ಇವೆಲ್ಲ ಮೂರರಿಂದ ಆರು ವರ್ಷದ ಮಗು ಮಾಡಬಲ್ಲ ಕೆಲಸಗಳು. ಗಂಡುಮಗು ಎಂದು ಬಿಡಬೇಡಿ. ಪ್ರವಾದಿ(ಸ)ರು ಮನೆಯಲ್ಲಿ ಮನೆಯವರ ಕೆಲಸದಲ್ಲಿ ನೆರವಾಗುತ್ತಿದ್ದರೆಂದು ಆಯಿಶಾ(ರ) ಹೇಳಿದ್ದು ಗಂಡಸರಾದ ನಮಗೆ ಬೇಗ ಮರೆತುಹೋಗುತ್ತದೆ. ಒಲೆ, ಬಿಸಿ ಎಣ್ಣೆ, ಬಾವಿಕಟ್ಟೆ ಇವುಗಳ ಹತ್ತಿರ ಮಾತ್ರ ಸ್ವಾತಂತ್ರ್ಯದ ಮಾತಿಲ್ಲ. ಬೇರೆ ಮಗುವಿಗೆ ಹೊಡೆಯುವಾಗ, ವಸ್ತು ಒಡೆಯುವಾಗಲೂ ಇಲ್ಲ, ಅಲ್ಲಿ ಕೈ ಹಿಡಿದು ನಿಲ್ಲಿಸಬೇಕು. ಮಗುವನ್ನು ಅದರ ಇಷ್ಟಕ್ಕೆ ಬಿಡುವುದೇ ಈ ಪದ್ಧತಿ ಎಂದು ಕೆಲವರು ತಿಳಿದಿದ್ದಾರೆ, ಅದು ತಪ್ಪು.

ಬೀಡಿ ಕಟ್ಟುವ ತಾಯಿಗೆ ಇದಕ್ಕೆಲ್ಲ ಸಮಯ ಎಲ್ಲಿದೆ ಎಂದು ಒಬ್ಬ ಸಹೋದರಿ ಕೇಳಿ ಕಳುಹಿಸಿದ್ದಾರೆ. ನ್ಯಾಯವಾದ ಪ್ರಶ್ನೆ. ಮಗುವಿಗೆ ತೋರಿಸುತ್ತಾ ಕುಳಿತರೆ ಆ ದಿನದ ಲೆಕ್ಕ ಕಡಿಮೆಯಾಗುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ. ವಾರಕ್ಕೆ ಒಂದೇ ಕೆಲಸ ತೋರಿಸಿ. ಮೊದಲ ಮೂರು ದಿನ ತೊಂದರೆ, ಆಮೇಲೆ ಮಗು ತಾನೇ ಅರ್ಧ ಗಂಟೆ ಕುಳಿತಿರುತ್ತದೆ. ಹೊಗೆಸೊಪ್ಪಿನ ಧೂಳಿನಿಂದ ದೂರ, ಬೇರೆ ಮೂಲೆಯಲ್ಲಿ ಅದರ ಚಾಪೆ ಇರಲಿ. ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸಲು ಕೊಡಿ, ಬಾಯಿಗೆ ಹಾಕುವ ಪ್ರಾಯ ದಾಟಿದ್ದರೆ ಮಾತ್ರ. ಈಗ ಆ ಅರ್ಧ ಗಂಟೆಗೆ ನಾವು ಕೊಡುತ್ತಿರುವುದು ಮೊಬೈಲ್. ಆಶೂರಾದ ಉಪವಾಸದ ದಿನ ಮಕ್ಕಳು ಹಸಿವಿನಿಂದ ಅತ್ತರೆ ಉಣ್ಣೆಯಿಂದ ಮಾಡಿದ ಆಟಿಕೆಯನ್ನು ಕೊಟ್ಟು ಇಫ್ತಾರಿನ ತನಕ ರಮಿಸುತ್ತಿದ್ದೆವು ಎಂದು ಸಹಾಬಿ ಮಹಿಳೆ ರುಬಯ್ಯಿಅ್(ರ) ಹೇಳಿದ್ದಾರೆ. ಮಗುವನ್ನು ರಮಿಸುವುದು ತಪ್ಪಲ್ಲ. ಅವರು ಕೈಯಿಂದ ಮಾಡಿದ ವಸ್ತುವನ್ನು ಮಗುವಿನ ಕೈಗೆ ಕೊಟ್ಟರು.

ಗಲ್ಫಿನಲ್ಲಿರುವ ತಂದೆಯರಿಗೂ ಒಂದು ಮಾತು. ಕಾರ್ಗೋದಲ್ಲಿ ರಿಮೋಟ್ ಕಾರು ಕಳುಹಿಸಿದ್ದೀರಿ, ಸಂತೋಷ. ವೀಡಿಯೊ ಕಾಲ್‌ನಲ್ಲಿ, ಎಷ್ಟು ಸೂರಾ ಕಂಠಪಾಠವಾಯಿತು ಎಂಬ ಒಂದೇ ಪ್ರಶ್ನೆ ಕೇಳಬೇಡಿ. ಇಂದು ನಿನ್ನ ಕೈಯಾರೆ ಏನು ಮಾಡಿದೆ, ತೋರಿಸು ಎನ್ನಿ. ಸುಲಿದ ಮೊಟ್ಟೆಯನ್ನು ಹಿಡಿದು ಓಡಿ ಬರುತ್ತದೆ.

ಅಕ್ಷರದ ವಿಷಯ. ಮಾಂಟೆಸ್ಸರಿ ಸ್ಯಾಂಡ್‌ಪೇಪರಿನಿಂದ ಅಕ್ಷರ ಕತ್ತರಿಸಿ ರಟ್ಟಿಗೆ ಅಂಟಿಸುತ್ತಿದ್ದರು. ಮಗು ತೋರುಬೆರಳು ಮತ್ತು ನಡುಬೆರಳಿನಿಂದ, ಬರೆಯುವ ದಿಕ್ಕಿನಲ್ಲೇ ಅದನ್ನು ಸವರುತ್ತಾ ಅದರ ಧ್ವನಿ ಹೇಳುತ್ತದೆ. ಪೆನ್ಸಿಲ್ ಹಿಡಿಯುವ ಮೊದಲೇ ಬೆರಳಿಗೆ ದಾರಿ ತಿಳಿದಿರುತ್ತದೆ. ಬಡಗಿಗಳು ಬಳಸುವ ನಯವಾದ ಸ್ಯಾಂಡ್‌ಪೇಪರ್ ಒಂದು ಹಾಳೆ ತಂದರೆ ಹಲವು ಅಕ್ಷರಗಳಾಗುತ್ತವೆ. ಕನ್ನಡದ ಅಕ್ಷರಕ್ಕೂ ಇದು ಆಗುತ್ತದೆ, ಅರಬಿಯ ಬಾ, ಜೀಮ್‌ಗೂ ಆಗುತ್ತದೆ, ಅರಬಿಯಲ್ಲಿ ಬೆರಳು ಬಲದಿಂದ ಎಡಕ್ಕೆ ಹೋಗಬೇಕು ಅಷ್ಟೇ. ಬಾ, ತಾ, ಸಾ ಒಂದೇ ಆಕಾರದವು, ಚುಕ್ಕೆಯಲ್ಲಿ ಮಾತ್ರ ವ್ಯತ್ಯಾಸ. ಅವನ್ನು ಒಂದೇ ದಿನ ಕೊಡಬೇಡಿ. ಕೊಡುವ ಕ್ರಮ ಹೀಗೆ: ಮೊದಲ ದಿನ ಎರಡು ಅಕ್ಷರ ಇಟ್ಟು, ಇದು ಬಾ, ಇದು ಜೀಮ್ ಎನ್ನಿ. ಆಮೇಲೆ, ಜೀಮ್ ಎಲ್ಲಿದೆ, ಕೊಡು ಎನ್ನಿ. ಅದು ಸಲೀಸಾಗಿ ಬಂದ ಮೇಲೆ ಮಾತ್ರ, ಇದೇನು ಎಂದು ಕೇಳಿ. ತಪ್ಪಿದರೆ ತಪ್ಪು ಎನ್ನಬೇಡಿ. ನಗುತ್ತಾ ಎತ್ತಿಟ್ಟು ಇನ್ನೊಂದು ದಿನ ಮೊದಲಿನಿಂದ ತೋರಿಸಿ. ನಮ್ಮ ಮದ್ರಸದಲ್ಲಿ ನಾವು ನೇರವಾಗಿ ಮೂರನೆಯ ಪ್ರಶ್ನೆಗೇ ಹೋಗುತ್ತಿದ್ದೆವು, ಕೈಯಲ್ಲಿ ಬೆತ್ತ ಹಿಡಿದು. ಕಳೆದ ವರ್ಷದಿಂದ ಸಣ್ಣ ತರಗತಿಯಲ್ಲಿ ಬೆತ್ತ ಇಲ್ಲ. ಸಬಕ್ ನಿಧಾನವಾಗಿದೆ ಎಂದು ಕೆಲವು ಹೆತ್ತವರ ದೂರಿದೆ, ನಿಜವೇ. ಬೆಳಗ್ಗೆ ಹೊಟ್ಟೆನೋವು ಎನ್ನುವ ಮಕ್ಕಳೂ ಕಡಿಮೆಯಾಗಿದ್ದಾರೆ.

ಒಂದು ವಿಷಯದಲ್ಲಿ ನಾವು ಮಾಂಟೆಸ್ಸರಿಯವರಷ್ಟು ಕಟ್ಟುನಿಟ್ಟಲ್ಲ. ಬಹುಮಾನವೂ ಬೇಡ, ಶಿಕ್ಷೆಯೂ ಬೇಡ ಎನ್ನುತ್ತಿದ್ದರು. ಮೊದಲ ಉಪವಾಸ ಹಿಡಿದ ಮಗುವಿಗೆ ಅಜ್ಜಿ ಹತ್ತು ರೂಪಾಯಿ ಕೊಟ್ಟರೆ ಅದು ಲಂಚವಲ್ಲ, ಸಂತೋಷ. ಆದರೆ ಪ್ರತಿ ಸುಜೂದಿಗೂ ಒಂದು ಚಾಕಲೇಟ್ ಎಂದರೆ ಮಗು ಚಾಕಲೇಟಿಗೆ ಸುಜೂದ್ ಮಾಡಲು ಕಲಿಯುತ್ತದೆ. ಇಲ್ಲಿ ಅವರ ಎಚ್ಚರಿಕೆ ಸರಿ.

ಕೊನೆಯದಾಗಿ ನಮ್ಮ ಮಸೀದಿಯ ಮಾತು. ಪ್ರವಾದಿ(ಸ)ರ ಬಲಗಡೆ ಒಬ್ಬ ಹುಡುಗ, ಎಡಗಡೆ ಹಿರಿಯರು ಕುಳಿತಿದ್ದಾಗ ಪಾನೀಯ ಬಂತು. ಹಿರಿಯರಿಗೆ ಮೊದಲು ಕೊಡಲೇ ಎಂದು ಪ್ರವಾದಿ(ಸ)ರು ಆ ಹುಡುಗನ ಅನುಮತಿ ಕೇಳಿದರು. ನಿಮ್ಮಿಂದ ಬರುವ ಪಾಲನ್ನು ಬಿಟ್ಟುಕೊಡಲಾರೆ ಎಂದ ಹುಡುಗ. ಅವನ ಕೈಗೇ ಕೊಟ್ಟರು. ನಮ್ಮಲ್ಲಿ ಮೊದಲ ಸಫ್ಫಿನಲ್ಲಿ ಬಂದು ಕುಳಿತ ಹುಡುಗನನ್ನು ತೋಳು ಹಿಡಿದು ಹಿಂದಕ್ಕೆ ತಳ್ಳುತ್ತೇವೆ. ವುಝೂ ಮಾಡುವಲ್ಲಿ ನಳ್ಳಿಗಳೆಲ್ಲ ದೊಡ್ಡವರ ಅಳತೆಗೆ ಇವೆ. ಐದು ವರ್ಷದ ಮಗು ಕಟ್ಟೆ ಹತ್ತಿ, ತುದಿಗಾಲಲ್ಲಿ ನಿಂತು ಕೈ ಚಾಚಿದರೆ ನೀರು ತೋಳಿನೊಳಗೆ ಇಳಿದು ಅಂಗಿ ಪೂರ್ತಿ ಒದ್ದೆಯಾಗುತ್ತದೆ. ಆಗ, ನೀರಾಟ ಆಡುತ್ತೀಯಾ ಎಂದು ಗದರುತ್ತೇವೆ. ಅದು ನೀರಾಟ ಆಡುತ್ತಿರಲಿಲ್ಲ, ವುಝೂ ಮಾಡುತ್ತಿತ್ತು.

ಆಡಳಿತ ಸಮಿತಿಯವರೊಂದಿಗೆ ಮಾತಾಡಿದ್ದೇವೆ. ಬರುವ ಭಾನುವಾರ ಅಸರ್ ನಮಾಝಿನ ಬಳಿಕ ವುಝೂ ಕಟ್ಟೆಯ ಎಡತುದಿಯಲ್ಲಿ ಮೂರು ನಳ್ಳಿಗಳನ್ನು ಒಂದೂವರೆ ಅಡಿ ಎತ್ತರಕ್ಕೆ ಇಳಿಸಲಾಗುವುದು, ಅದರ ಮುಂದೆ ಎರಡು ತಗ್ಗಿನ ಕಟ್ಟೆ, ಗೋಡೆಗೆ ಟೋಪಿ ಹಾಕುವ ಗೂಟ. ಪೈಪು, ಸಿಮೆಂಟಿನ ಕೆಲಸ ಬಲ್ಲವರು ಸಲಕರಣೆಯೊಂದಿಗೆ ಬರಬೇಕು. ನಿಮ್ಮ ಸಣ್ಣ ಮಕ್ಕಳನ್ನೂ ಕರೆದುಕೊಂಡು ಬನ್ನಿ, ಅಳತೆ ತೆಗೆಯಲು ಅವರು ಬೇಕು.